ಹುಳಿಗೆ ಕರ್ತನಾರು?

ಕಲ್ಕತ್ತೆಯ ಎಸ್ಪ್ಲನೇಡನ್ನು ಅಲ್ಲಿಯ ಜನರು ಧರ್ಮತಲಾ ಎಂದೇ ಕರೆಯುವರು. ಮೈಸೂರು ಸೀಮೆಯಿಂದ ಹೋದವನ ದೃಷ್ಟಿ ಅಲ್ಲಿ ಮೊದಲು ನೆಲಸುವುದು ಟಿಪ್ಪು ಸುಲ್ತಾನನ ಹೆಸರನ್ನು ಹೊತ್ತ ಮಸೀದಿಯ ಮೇಲೆ. ಶ್ರೀರಂಗಪಟ್ಟಣವು ಬಿದ್ದಮೇಲೆ ವೆಲ್ಲೂರಿನಲ್ಲಿ ಸೆರೆಯಿದ್ದು, 1806ರ ದಂಗೆಯ ತರುವಾಯ ಈ ದೂರದ ನಗರಕ್ಕೆ ಸಾಗಿಸಲ್ಪಟ್ಟ ಸುಲ್ತಾನನ ಮಕ್ಕಳಲ್ಲಿ ಕಿರಿಯನಾದ ಗುಲಾಂ ಮಹಮ್ಮದನು ಕಟ್ಟಿಸಿದ, 1842ರ ಮಸೀದಿ ಅದು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಚಾಂದನಿ ಪೇಟೆಯ ಇಕ್ಕಟ್ಟಾದ ಓಣಿಗಳು ಸಿಕ್ಕುತ್ತವೆ; ತಂತಿ, ಸ್ವಿಚ್ಚು, ಬಿಚ್ಚಿಟ್ಟ ಯಂತ್ರಗಳ ಅಂಗಾಂಗ, ಯಾವುದೋ ಮನೆಯಲ್ಲಿ ಆಯುಷ್ಯ ಮುಗಿಸಿ ಬಂದ ಕಂಪ್ರೆಸರ್, ಇವೆಲ್ಲ ಅಲ್ಲಿ ಮತ್ತೊಂದು ಜನ್ಮಕ್ಕಾಗಿ ಕಾದು ಕುಳಿತಿರುತ್ತವೆ. ಕಲ್ಕತ್ತೆಯಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನ ಕನ್ನಡ ಮಿತ್ರರೊಬ್ಬರು ತಮ್ಮ ಹಳೆಯ ಫ್ರಿಜ್ಜಿಗೆ ಬೇಕಾದ ಉಷ್ಣನಿಯಂತ್ರಕವನ್ನು ಕೊಂಡುದು ಈ ಓಣಿಯೊಂದರಲ್ಲಿ. ಫ್ರಿಜ್ಜನ್ನು ಅವರು ತಣ್ಣಗಿಡುವುದಕ್ಕಲ್ಲ, ಇಡ್ಲಿಯ ಹಿಟ್ಟು ಹುದುಗಿಸುವುದಕ್ಕೆ ಸಜ್ಜುಗೊಳಿಸುತ್ತಿದ್ದರು.

ಪರದೇಶಗಳಲ್ಲಿ ಮನೆಯಲ್ಲೇ ಬಿಯರ್ ಇಳಿಸುವ ಹವ್ಯಾಸಿಗಳು ಇಂಥ ಪೆಟ್ಟಿಗೆಗಳನ್ನು ಬಹಳ ಕಾಲದಿಂದ ಮಾಡಿಕೊಳ್ಳುತ್ತ ಬಂದಿದ್ದಾರೆ. ನಮ್ಮಲ್ಲಿ ಅದಕ್ಕೆ ಅಬಕಾರಿ ಕಾನೂನು ಅಡ್ಡ. ಇಡ್ಲಿಗೆ ಅಂಥ ಅಡ್ಡಿಯೇನೂ ಇಲ್ಲ, ಅಡ್ಡಿಯಿರುವುದು ಹವೆಯದು. ಜನವರಿಯ ರಾತ್ರಿಯಲ್ಲಿ ಆ ನಗರದ ಉಷ್ಣತೆ 13–14 ಡಿಗ್ರಿಗಿಳಿದಾಗ ರುಬ್ಬಿಟ್ಟ ಹಿಟ್ಟು ಬೆಳಗಾದರೂ ಇಟ್ಟಷ್ಟೇ ಇರುತ್ತದೆ. ಮೇ ತಿಂಗಳಲ್ಲಿ ನಡುರಾತ್ರಿಗೇ ಉಕ್ಕಿ, ಬೆಳಗಿನ ವೇಳೆಗೆ ಹುಳಿ ಹಿಡಿದು ಮೂಗಿಗೆ ಬಡಿಯುತ್ತದೆ. ಫ್ರಿಜ್ಜಿನ ದಪ್ಪ ಗೋಡೆಗಳು ಚಳಿಯನ್ನು ಹೇಗೋ ಹಾಗೆ ಬೆಚ್ಚನ್ನೂ ಹಿಡಿದಿಡಬಲ್ಲವು. ಮಿತ್ರರು ಒಳಗಡೆ ಬಿಸ್ಕತ್ತಿನ ಡಬ್ಬವೊಂದನ್ನು ಬೋರಲಾಗಿಟ್ಟು ಅದರೊಳಗೆ ನಲವತ್ತು ವಾಟಿನ ಬಲ್ಬು ಕೂರಿಸಿದರು. ಉಷ್ಣವನ್ನು ಅಳೆಯುವ ತಂತಿಯ ತುದಿಯನ್ನು ಬರಿಯ ಗಾಳಿಯಲ್ಲಿ ತೂಗಬಿಡದೆ, ಹಿಟ್ಟಿನ ಪಾತ್ರೆಯ ಮೈಗೆ ಅಂಟಿಸಿ ಮೇಲೆ ಬಟ್ಟೆ ಸುತ್ತಿದರು, ಏಕೆಂದರೆ ಹುದುಗುವ ಪದಾರ್ಥವು ತನ್ನದೇ ಅಲ್ಪ ಶಾಖವನ್ನೂ ಹುಟ್ಟಿಸುವುದುಂಟು, ಅಳೆಯಬೇಕಾದುದು ಹಿಟ್ಟನ್ನೇ ಹೊರತು ಗಾಳಿಯನ್ನಲ್ಲ. ಪಕ್ಕದ ಗೋಡೆಗೆ ತೂತು ಕೊರೆದರೆ ಒಳಗಿನ ಕೊಳವೆ ಒಡೆದೀತೆಂದು ಮೆಕ್ಯಾನಿಕ್ಕನು ಎಚ್ಚರಿಸಿದ್ದರಿಂದ ತಂತಿಯು ಬಾಗಿಲಿನ ರಬ್ಬರಿನ ಕೆಳಗೇ ನುಸುಳಿ ಬಂದಿತು. ಉಷ್ಣವು ಗೊತ್ತಾದ ಅಂಕೆಗಿಂತ ಕೆಳಗಿಳಿದರೆ ಬಲ್ಬು ಹೊತ್ತುತ್ತದೆ, ಮೇಲೇರಿದರೆ ಕಂಪ್ರೆಸರ್ ತಿರುಗುತ್ತದೆ. ನಿಂತ ಕಂಪ್ರೆಸರನ್ನು ಒಡನೆಯೇ ಎಬ್ಬಿಸಿದರೆ ಸುಟ್ಟುಹೋಗುವ ಭಯವಿರುವುದರಿಂದ ನಡುವೆ ಕೆಲವು ನಿಮಿಷಗಳ ವಿಶ್ರಾಂತಿಯನ್ನೂ ನಿಯಂತ್ರಕವೇ ಕೊಡುತ್ತದೆ. ಇಷ್ಟಾಗಿ, ಮೊದಲ ಬಾರಿಗೆ ಮಾಘದ ಚಳಿಯಲ್ಲಿ ಹಿಟ್ಟು ಪಾತ್ರೆಯ ಅಂಚಿಗೆ ಬಂದಾಗ ಮಿತ್ರರು ಅಭಿಮಾನದಿಂದ ಕರೆದು ತೋರಿಸಲು, ಅವರ ವೃದ್ಧ ಮಾತೆ ಅಂದದ್ದು: “ನೀನೇನೋ ಮಾಡಿದ್ದು? ಅದು ತಾನಾಗಿ ಉಬ್ಬಿತು.”

ಈ ಮಾತಿನ ಹಿಂದೆ ವೇದಾಂತದ ಒಂದು ಅಧಿಕರಣವೇ ನಿಂತಿದೆಯೆಂಬುದು ಆ ತಾಯಿಗೆ ತಿಳಿದಿರಬೇಕಾದುದಿಲ್ಲ. ಕುಂಬಾರನಿಗೆ ಚಕ್ರವೂ ದಂಡವೂ ಬೇಕಾಗುವಂತೆ ಲೋಕದಲ್ಲಿ ಪ್ರತಿಯೊಬ್ಬ ಕರ್ತನಿಗೂ ಸಾಧನಗಳು ಬೇಕಾಗಿರುವಾಗ, ಅದ್ವಿತೀಯವಾದ ಬ್ರಹ್ಮವು ಯಾವ ಸಾಧನವೂ ಇಲ್ಲದೆ ಜಗತ್ತಾಗುವುದು ಹೇಗೆಂಬ ಆಕ್ಷೇಪಕ್ಕೆ, ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಸೂತ್ರಕಾರನು ಹಾಲಿನ ದೃಷ್ಟಾಂತವನ್ನು ಕೊಡುತ್ತಾನೆ. ಹಾಲು ಮೊಸರಾಗುವುದಕ್ಕೂ ಬೆಚ್ಚಗಿನ ತಾವು ಬೇಕಲ್ಲವೆ ಎಂದು ಪ್ರತಿವಾದಿಯು ಕೇಳಲು, ಶಂಕರರು ಹೇಳುವ ಸಮಾಧಾನವು ಸೂಕ್ಷ್ಮವಾದುದು: ಮೊಸರಾಗುವ ಶಕ್ತಿ ಹಾಲಿನದೇ, ಶಾಖವು ಅದನ್ನು ತ್ವರೆಗೊಳಿಸುತ್ತದೆ, ಅಷ್ಟೆ; ಹಾಲಿನಲ್ಲಿ ಆ ಶಕ್ತಿಯಿಲ್ಲದಿದ್ದರೆ ಶಾಖವು ಬಲಾತ್ಕಾರದಿಂದ ಅದನ್ನು ಮೊಸರಾಗಿಸಲಾರದು, ಗಾಳಿಯನ್ನಾಗಲಿ ಆಕಾಶವನ್ನಾಗಲಿ ಎಷ್ಟು ಕಾಯಿಸಿದರೂ ಮೊಸರಾಗದು. ನಲವತ್ತು ವಾಟಿನ ಬಲ್ಬಿನ ಪದವಿಯನ್ನು ಇದಕ್ಕಿಂತ ಖಚಿತವಾಗಿ ನಿರ್ಣಯಿಸಿದವರನ್ನು ನಾನು ಕಾಣೆ.

ಆದರೆ 1857ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಲೂಯಿ ಪಾಸ್ಚರನು ಹಾಲು ಹುಳಿಯುವುದು ಸಜೀವ ಸೂಕ್ಷ್ಮಾಣುಗಳ ಕಾರ್ಯವೆಂದು ಪ್ರತಿಪಾದಿಸಿದನು. ಲೀಬಿಗನಂಥ ರಸಾಯನಜ್ಞರು ಅದನ್ನು ನಿರ್ಜೀವ ದ್ರವ್ಯಗಳ ವಿಘಟನೆಯೆಂದು ವಾದಿಸುತ್ತಲೇ ಇದ್ದರೂ, ಚೆನ್ನಾಗಿ ಕುದಿಸಿ ಹೊರಗಿನ ಧೂಳು ಸೋಕದಂತೆ ಕಾಪಾಡಿದ ದ್ರವವು ಎಷ್ಟು ಬೆಚ್ಚಗಿದ್ದರೂ ಕೆಡದೆ ಉಳಿಯಿತು. ಹಾಗಾದರೆ ಹಾಲು ಅಸಹಾಯವಾಗಿ ಮೊಸರಾಗುತ್ತಿರಲಿಲ್ಲ, ಸಹಾಯಕರು ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಸರ್ವಾಂಶದಲ್ಲಿ ಸಾಮ್ಯವನ್ನು ಬಯಸಬಾರದೆಂಬ ನ್ಯಾಯವು ಆಚಾರ್ಯರ ಸಿದ್ಧಾಂತವನ್ನು ಕಾಪಾಡುವುದು ನಿಜ. ಆದರೂ ಆ ಸ್ಥಾನಕ್ಕೆ ಹಾಲಿಗಿಂತ ನಮ್ಮ ಇಡ್ಲಿಯ ಹಿಟ್ಟೇ ಹೆಚ್ಚು ಯೋಗ್ಯವಾದ ದೃಷ್ಟಾಂತವೆಂದು ನನಗೆ ತೋರುತ್ತದೆ. ಕಾಯಿಸಿದ ಹಾಲಿಗೆ ಹೆಪ್ಪು ಬೇಕು, ಹಿಟ್ಟಿಗೆ ಬೇಡ. ಅದನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಎಂಬ ಸೂಕ್ಷ್ಮಾಣುಗಳು ಉದ್ದಿನ ಕಾಳಿನೊಡನೆಯೇ ಮನೆಗೆ ಬಂದಿರುತ್ತವೆ.

ಇಲ್ಲಿಗೆ ಪ್ರಶ್ನೆ ತತ್ತ್ವದಿಂದ ಧರ್ಮಕ್ಕೆ ಹೊರಳುತ್ತದೆ. ಹುಳಿತ ಪದಾರ್ಥಗಳನ್ನೆಲ್ಲ ವರ್ಜ್ಯವೆಂದ ಮನುಸ್ಮೃತಿಯು ಮೊಸರಿಗೂ ಮೊಸರಿನಿಂದಾದುದಕ್ಕೂ ಶುಭವಾದ ಹೂವು, ಬೇರು, ಹಣ್ಣುಗಳಿಂದ ಹುಳಿಸಿದುದಕ್ಕೂ ವಿನಾಯಿತಿಯಿತ್ತು ಮುಂದೆ ಸಾಗುತ್ತದೆ. ಆದರೆ ಆ ಮಸೀದಿಯ ಮಗ್ಗುಲಲ್ಲಿ ನಡೆಯುತ್ತ, ತನ್ನ ರಾಜ್ಯದಲ್ಲಿ ಮದ್ಯವನ್ನು ನಿಲ್ಲಿಸಲು ಹವಣಿಸಿದ ಸುಲ್ತಾನನನ್ನು ನೆನೆದವನಿಗೆ, ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ಎಷ್ಟು ತೀಕ್ಷ್ಣವಾಗಿ ವಿಚಾರಿಸಿದ್ದಾರೆಂಬುದು ಹೊಳೆಯದಿರದು. ನಿಷಿದ್ಧವಾದ ದ್ರಾಕ್ಷಾಮದ್ಯವು ತಾನಾಗಿ ಇನ್ನಷ್ಟು ಹುಳಿತು ವಿನಿಗರಾದರೆ ಅದು ಶುದ್ಧವೆಂಬುದರಲ್ಲಿ ಅವರಿಗೆ ಒಮ್ಮತವಿದೆ. ಮನುಷ್ಯನು ಅದಕ್ಕೆ ಉಪ್ಪನ್ನೋ ಮತ್ತೊಂದನ್ನೋ ಬೆರೆಸಿ ಹಾಗೆ ಮಾಡಿದರೆ? ಹನಫೀ ಪಂಥದವರು ಆಗಲೂ ಶುದ್ಧವೆನ್ನುವರು, ಶಾಫಿಈ ಪಂಥದವರು ಅಲ್ಲವೆನ್ನುವರು. ಏನನ್ನೂ ಬೆರೆಸದೆ ಜಾಡಿಯನ್ನು ನೆರಳಿನಿಂದ ಬಿಸಿಲಿಗೆ ಸರಿಸಿದರೆ? ಹದಿಮೂರನೆಯ ಶತಮಾನದ ದಮಾಸ್ಕಸಿನ ಇಮಾಮ್ ನವವೀ ಎರಡು ಅಭಿಪ್ರಾಯಗಳಿರುವುದನ್ನು ಸೂಚಿಸಿ, ಶುದ್ಧವೆಂಬುದೇ ಹೆಚ್ಚು ಸಾಧುವೆಂದು ತೀರ್ಮಾನಿಸಿದರು. ಬೆರೆಸುವುದು ಕರ್ಮ, ಬಿಸಿಲಿಗಿಡುವುದು ಕರ್ಮವೆಂದು ಎಣಿಸುವಷ್ಟರದಲ್ಲ. ಕಾಲಡಿಯ ಭಾಷ್ಯಕಾರರೂ ದಮಾಸ್ಕಸಿನ ಇಮಾಮರೂ ಒಬ್ಬರನ್ನೊಬ್ಬರು ಅರಿಯದೆಯೇ ಶಾಖಕ್ಕೆ ಹೀಗೆ ಒಂದೇ ಮಟ್ಟದ ಆಸನವನ್ನು ಹಾಕಿಕೊಟ್ಟರು.

ಆ ಆಸನ ತಗ್ಗಾಯಿತೆಂಬುದು, ಮಿತ್ರರ ಪೆಟ್ಟಿಗೆಯನ್ನು ನೋಡಿದಮೇಲೆ, ನನ್ನ ಅಭಿಪ್ರಾಯ. ಶಾಖವು ಬರಿಯ ತ್ವರೆಯನ್ನು ಕೊಡುವುದಾಗಿದ್ದರೆ 25 ಡಿಗ್ರಿಯಲ್ಲಿ ನಿಧಾನವಾಗಿ ಉಬ್ಬಿದ ಹಿಟ್ಟೂ 35ರಲ್ಲಿ ಬೇಗನೆ ಉಬ್ಬಿದ ಹಿಟ್ಟೂ ರುಚಿಯಲ್ಲಿ ಒಂದೇ ಆಗಬೇಕಿತ್ತು. ಹಾಗಾಗದು. ತಂಪಿನಲ್ಲಿ ಕೆಲವು ಸೂಕ್ಷ್ಮಾಣುಗಳು ಮೇಲುಗೈಯಾಗಿ ಹಿಟ್ಟನ್ನು ಹಗುರಗೊಳಿಸುತ್ತವೆ. ಸೆಖೆಯಲ್ಲಿ ಆಮ್ಲವನ್ನು ಹೆಚ್ಚಾಗಿ ಸುರಿಸುವ ಬೇರೆ ಕೆಲವು ಮುಂದೆ ಬರುತ್ತವೆ. ಶಾಖವು ಆರಿಸುತ್ತದೆ. ರಾಮಾನುಜರು ಅದೇ ಸೂತ್ರದ ಮೇಲೆ ಬರೆಯುತ್ತ, ಹಾಲಿಗೆ ಮಜ್ಜಿಗೆಯ ಹೆಪ್ಪನ್ನು ಹಾಕುವುದು ಮೊಸರಾಗಿಸಲೆಂದಲ್ಲ, ಬೇಗನೆ ಆಗಲೆಂದೂ ವಿಶೇಷವಾದ ರುಚಿ ಬರಲೆಂದೂ ಎಂದು ಹೇಳುತ್ತಾರೆ. ರುಚಿಯ ಆ ಒಂದು ಮಾತನ್ನು ಹೆಪ್ಪಿನಿಂದ ಶಾಖಕ್ಕೂ ವಿಸ್ತರಿಸಿದರೆ ಪೆಟ್ಟಿಗೆಯ ಒಡೆಯನಿಗೆ ಸಲ್ಲಬೇಕಾದ ಕರ್ತೃತ್ವವು, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ದೊರೆತಂತಾಗುತ್ತದೆ. ಹಿಟ್ಟು ಉಬ್ಬಿದ ಶ್ರೇಯಸ್ಸು ನನ್ನ ಮಿತ್ರರಿಗೆ ಸಲ್ಲದು. ಹುಳಿ ಮೀರಿದ ದಿನದ ಆಕ್ಷೇಪಣೆಯಾದರೋ ಅಂಕೆಯನ್ನು ತಿರುಗಿಸಿದ ಅವರ ಬೆರಳಿಗೇ ಸಲ್ಲತಕ್ಕದ್ದು, ತಾನಾಗಿ ಉಬ್ಬಿತೆಂದ ಆ ತಾಯಿಯೇ ಅದನ್ನು ತಪ್ಪದೆ ಸಲ್ಲಿಸುತ್ತಲೂ ಇದ್ದಾರೆ.