ಕೆಡವದೆ ಪಂಚಾಂಗ ಹಾಕಬಹುದೇ?

ಕುಂಭಾಶಿಯ ಹೆದ್ದಾರಿಯ ಬದಿ, ತಗ್ಗಿನಲ್ಲಿ ಒಂದು ಹಳೆಯ ಕೆಂಪುಕಲ್ಲಿನ ಮನೆಯಿದೆ ಎಂದು ಭಾವಿಸಿಕೊಳ್ಳಿ. ರಸ್ತೆ ಏರಿತು, ಮನೆ ಇದ್ದಲ್ಲೇ ಉಳಿಯಿತು. ಆಷಾಢದ ಮಳೆಗೆ ಚಾವಡಿಯೊಳಗೆ ನೀರು. ಮಗ 'ಕೆಡವಿ ಹೊಸತು ಕಟ್ಟುವ' ಎನ್ನುತ್ತಾನೆ. ತಂದೆಗೆ ಮನಸ್ಸಿಲ್ಲ, ಮಕ್ಕಳು ಹುಟ್ಟಿದ್ದು, ಅಮ್ಮ ಕಣ್ಣು ಮುಚ್ಚಿದ್ದು ಇದೇ ಗೋಡೆಗಳ ನಡುವೆ.

ಇದಕ್ಕೆ ಇನ್ನೊಂದು ದಾರಿಯಿದೆ. ಬೆಂಗಳೂರಿನಲ್ಲಿ ಹರಿಯಾಣದ ಕೆಲಸಗಾರರು ಮನೆಗಳನ್ನೇ ಎತ್ತುತ್ತಾರೆ. ಗೋಡೆಯ ಬುಡವನ್ನು ತುಸುತುಸುವೇ ಬಿಡಿಸಿ, ಕಬ್ಬಿಣದ ಚಾನೆಲ್ ತೂರಿಸಿ, ಕೆಳಗೆ ಸಾಲಾಗಿ ಜಾಕ್ ಇಡುತ್ತಾರೆ. ಎಲ್ಲವನ್ನೂ ಒಂದೇ ಅಳತೆಗೆ ತಿರುಗಿಸಬೇಕು. ಒಬ್ಬ ಆತುರಪಟ್ಟರೆ ಗೋಡೆ ಬಿರಿಯುತ್ತದೆ. ಎದ್ದ ಸಂದಿನಲ್ಲಿ ಹೊಸ ಪಂಚಾಂಗ ಕಟ್ಟುತ್ತಾರೆ. ಇದು ಹೊಸ ವಿದ್ಯೆಯೇನಲ್ಲ. 1900ರ ಚಂಡಮಾರುತದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಜನ ಸತ್ತ ಅಮೆರಿಕದ ಗ್ಯಾಲ್ವೆಸ್ಟನ್ ಪಟ್ಟಣದಲ್ಲಿ, ಮುಂದಿನ ವರ್ಷಗಳಲ್ಲಿ ಎರಡು ಸಾವಿರದಷ್ಟು ಕಟ್ಟಡಗಳನ್ನು ಎತ್ತಿ ಅಡಿಗೆ ಮರಳು ತುಂಬಿದರು. ಸುಮಾರು 3,000 ಟನ್ ಭಾರದ ಸಂತ ಪ್ಯಾಟ್ರಿಕರ ದೇವಾಲಯವನ್ನು 700 ಜಾಕ್‌ಗಳಿಂದ ಐದು ಅಡಿ ಮೇಲೆತ್ತಿದರು. ಕೆಲಸ ಮುಗಿಯುವವರೆಗೆ ಜನ ಹಲಗೆಗಳ ಮೇಲೆ ನಡೆದು ತಮ್ಮ ಮನೆ ಸೇರುತ್ತಿದ್ದರಂತೆ.

ಬಂಡೆಯ ಮೇಲೆ ಕಟ್ಟಿದವನ, ಮರಳಿನ ಮೇಲೆ ಕಟ್ಟಿದವನ ಸಾಮತಿ ನಮಗೆಲ್ಲ ಗೊತ್ತು. ಅದು ಕಟ್ಟುವ ಮೊದಲಿನ ಎಚ್ಚರಿಕೆ. ಆದರೆ ಈಗಾಗಲೇ ಮರಳಿನ ಮೇಲೆ ಕಟ್ಟಿ, ಇಪ್ಪತ್ತು ವರ್ಷ ಅಲ್ಲೇ ಬಾಳಿದವರು ಏನು ಮಾಡಬೇಕು? ಧರ್ಮಸಭೆಯ ವಿಧಿಯಿಲ್ಲದೆ ಮದುವೆಯಾಗಿ ಸಂಸಾರ ಮಾಡಿದ ದಂಪತಿಗಳಿದ್ದಾರೆ. ಗುರುಮನೆಗೆ ಬಂದರೆ ಅಂಥವರ ಅಂಜಿಕೆ ಒಂದೇ: 'ಫಾದರ್, ಈಗ ಸರಿಪಡಿಸಿಕೊಂಡರೆ ಇಷ್ಟು ವರ್ಷದ್ದೆಲ್ಲ ಸುಳ್ಳೆಂದು ಒಪ್ಪಿದಂತೆ ಅಲ್ಲವೇ?'

ಅಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ 'ಬೇರಿನಲ್ಲೇ ಗುಣಪಡಿಸುವುದು' ಎಂಬ ಏರ್ಪಾಡಿದೆ. ಅಂದು ಪರಸ್ಪರ ಕೊಟ್ಟ ಒಪ್ಪಿಗೆ ಇಂದಿಗೂ ಉಳಿದಿದ್ದರೆ, ಅಧಿಕಾರವುಳ್ಳವರು ಅಡ್ಡಿಯನ್ನು ತೆಗೆದು ಆ ವಿವಾಹವನ್ನು ಕ್ರಮಬದ್ಧಗೊಳಿಸಬಲ್ಲರು. ಒಪ್ಪಿಗೆಯನ್ನು ಮತ್ತೆ ಹೇಳಿಸಬೇಕಾಗಿಲ್ಲ. ಅದರ ಕಾನೂನು ಪರಿಣಾಮ ಹಿಂದಿನ ದಿನಗಳಿಗೂ ಸಲ್ಲುತ್ತದೆ. ಒಣ ಕಾನೂನೆಂದು ನಾವು ಬೈಯುವ ಪುಸ್ತಕದಲ್ಲಿ ಇಷ್ಟು ಕರುಣೆ ಇರುವುದು ಸೆಮಿನರಿಯಲ್ಲಿ ಓದುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದಕ್ಕೊಂದು ಮಿತಿಯೂ ಇದೆ. ಒಪ್ಪಿಗೆಯೇ ಇಲ್ಲದಿದ್ದರೆ ಈ ಏರ್ಪಾಡು ನಡೆಯದು. ಗೋಡೆಯೇ ಶಿಥಿಲವಾದ ಮನೆಯನ್ನು ಜಾಕ್ ಎತ್ತುವುದಿಲ್ಲವಷ್ಟೆ. ಹೆದರಿಸಿ ಮಾಡಿಸಿದ ಮದುವೆಗೆ ಸುಣ್ಣ ಬಳಿದು 'ಹೊಂದಿಕೊಂಡು ಹೋಗಿ' ಎನ್ನುವ ಹಿರಿಯರನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಕೇಳಿದ ಮೇಲೆ ತಾಯಂದಿರು ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆ ಕೇಳುವುದುಂಟು: 'ಮಕ್ಕಳಿಗೆ ಹೇಳಬೇಕೇ?' ಕಾನೂನು ಅದನ್ನು ಕೇಳುವುದಿಲ್ಲ. ಆದರೆ ಆ ಮಕ್ಕಳೂ ಅದೇ ಮನೆಯಲ್ಲಿ ಬಾಳುವವರು.