ಒಬ್ಬರ ಪಥ್ಯ, ಎಲ್ಲರ ಊಟ

ಮನೆಯಲ್ಲಿ ಒಬ್ಬರಿಗೆ ರಕ್ತದೊತ್ತಡವಿದೆಯೆಂದು ತಿಳಿದು, ಡಾಕ್ಟರು "ಉಪ್ಪು ಕಡಿಮೆ ಮಾಡಿ" ಎಂದ ದಿನವೇ ಅಡುಗೆಮನೆಯಲ್ಲಿ ಒಂದು ಧರ್ಮಸಂಕಟ ಹುಟ್ಟಿಕೊಳ್ಳುತ್ತದೆ. ಅವರೊಬ್ಬರಿಗೆ ಬೇರೆ ಪಾತ್ರೆಯಲ್ಲಿ ಬೇಯಿಸಬೇಕೆ, ಅಥವಾ ಮನೆಮಂದಿಯೆಲ್ಲ ಅವರ ಅಡುಗೆಯನ್ನೇ ಉಣ್ಣಬೇಕೆ? ಡಾಕ್ಟರು ಇದಕ್ಕೆ ಉತ್ತರ ಹೇಳಲಾರರು. ಒಬ್ಬರ ಕಾಯಿಲೆಯಲ್ಲಿ ಉಳಿದವರ ಪಾಲೆಷ್ಟೆಂಬುದನ್ನು ಮನೆಯವರೇ ತೀರ್ಮಾನಿಸಬೇಕು.

ಬೇರೆ ಪಾತ್ರೆಯ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬೆಳೆಯುವ ಮಕ್ಕಳು ಅಪ್ಪನ ಕಾಯಿಲೆಗಾಗಿ ಸಪ್ಪೆ ಏಕೆ ತಿನ್ನಬೇಕು? ನಮ್ಮ ಗಾದೆಯಂತೂ ಉಪ್ಪಿಗಿಂತ ರುಚಿಯಿಲ್ಲವೆಂದು, ಅದನ್ನು ತಾಯಿಯ ಪಕ್ಕದಲ್ಲೇ ಕೂರಿಸಿಬಿಟ್ಟಿದೆ. ಆದರೆ ಬೇರೆ ಪಾತ್ರೆಯಲ್ಲಿ ಉಣ್ಣುವವರ ಮುಖವನ್ನೊಮ್ಮೆ ನೋಡಬೇಕು. ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತಿದ್ದರೂ ಅವರು ಪಂಕ್ತಿಯಿಂದ ಹೊರಗೇ. ಪಕ್ಕದ ತಟ್ಟೆಯ ಹುಳಿಯ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಎರಡು ವಾರ ತಡೆದುಕೊಳ್ಳುತ್ತಾರೆ. ಮೂರನೆಯ ವಾರ ಉಪ್ಪಿನಕಾಯಿಯ ಜಾಡಿಯ ಮುಚ್ಚಳ ಸದ್ದಿಲ್ಲದೆ ತೆರೆಯುತ್ತದೆ.

ಇನ್ನೊಂದು ಮಾತಿದೆ. ಆ ಬೇರೆ ಪಾತ್ರೆಯನ್ನು ಒಲೆಯ ಮೇಲಿಡುವವರು ಯಾರು? ಮನೆಯ ಯಜಮಾನರಿಗೆ ಒತ್ತಡ ಬಂದರೆ ಗೃಹಿಣಿ ಎರಡು ಬಗೆ ಅಡುಗೆ ಮಾಡುತ್ತಾಳೆ. ಅತ್ತೆಯವರಿಗೆ ಬಂದರೂ ಹಾಗೆಯೇ. ಅದೇ ಆಕೆಗೇ ಬಂದರೆ? ತನ್ನೊಬ್ಬಳಿಗಾಗಿ ಬೇರೆ ಪಾತ್ರೆ ಇಡುವ ಹೆಂಗಸರು ಅಪರೂಪ. "ನನಗೇನು, ಹೇಗೋ ನಡೆಯುತ್ತದೆ" ಎಂದು ಮಾತ್ರೆ ನುಂಗಿ, ಎಲ್ಲರಿಗೂ ಮಾಡಿದ್ದನ್ನೇ ಉಣ್ಣುತ್ತಾಳೆ. ಬೇರೆ ಪಾತ್ರೆಯ ನ್ಯಾಯ ಸರಿಯಲ್ಲವೆಂದು ನನಗೆ ತೋರುವುದು ಇಲ್ಲಿಯೇ. ಅಡುಗೆ ಮಾಡುವವಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಅದು ಅನುಕೂಲ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇಂಥದೇ ಒಂದು ಪ್ರಸಂಗವನ್ನು ಹೇಳಿದ್ದಾರೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಕಸ್ತೂರಬಾ ಅವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ರಕ್ತಸ್ರಾವ ಮರುಕಳಿಸುತ್ತಿತ್ತು. ಉಪ್ಪು ಮತ್ತು ಬೇಳೆಗಳನ್ನು ಬಿಡೆಂದು ಗಂಡ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ; ನಿಮಗೇ ಹಾಗೆ ಹೇಳಿದರೂ ನೀವು ಬಿಡಲಾರಿರಿ ಎಂದುಬಿಟ್ಟರು. ಆ ಗಳಿಗೆಯಲ್ಲೇ ಗಾಂಧೀಜಿ ತಾವು ಒಂದು ವರ್ಷ ಎರಡನ್ನೂ ಬಿಟ್ಟೆನೆಂದರು. ಕಸ್ತೂರಬಾ ಗಾಬರಿಯಾಗಿ, ನಾನು ಬಿಡುತ್ತೇನೆ, ನೀವು ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಇದನ್ನು ಅವರು ಮನೆಯೊಳಗಿನ ಸತ್ಯಾಗ್ರಹವೆಂದು ಕರೆದಿದ್ದಾರೆ. (1930ರಲ್ಲಿ ಇದೇ ಉಪ್ಪಿಗಾಗಿ ದಂಡಿಗೆ ನಡೆದವರೂ ಇವರೇ!) ಹೆಂಡತಿಯ ಪಥ್ಯವನ್ನು ಗಂಡ ತಾನೂ ಹಂಚಿಕೊಂಡದ್ದು ದೊಡ್ಡ ಮಾತು, ನಮ್ಮಲ್ಲಿ ಎಷ್ಟು ಜನ ಹಾಗೆ ಮಾಡಿಯೇವು? ಆದರೂ ಆ ಪ್ರೀತಿಯಲ್ಲಿ ಕೊಂಚ ಬಲವಂತವೂ ಇತ್ತೆಂದೇ ನನ್ನ ಭಾವನೆ. ಕಸ್ತೂರಬಾ ಸೋತದ್ದು ಗಂಡನ ವಾದಕ್ಕಲ್ಲ, ಗಂಡನ ಕಷ್ಟಕ್ಕೆ. ಪಥ್ಯವನ್ನು ಹಂಚಿಕೊಳ್ಳುವವರು ರೋಗಿಯ ತಲೆಯ ಮೇಲೆ ಋಣ ಹೊರಿಸದಂತೆ ಹಂಚಿಕೊಳ್ಳಬೇಕು.

ಹಾಗಾದರೆ ಮಕ್ಕಳಿಗೆ ಅನ್ಯಾಯವಾಗದೆ? ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಾಗಿರುವ ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ. ಮಕ್ಕಳಿಗೆ ಇನ್ನೂ ಕಡಿಮೆ. ರೋಗಿಯ ಪಥ್ಯವೆಂದು ನಾವು ಕರೆಯುವುದು ಬಹುಮಟ್ಟಿಗೆ ಎಲ್ಲರ ಊಟವಾಗಬೇಕಾದದ್ದೇ. ಸೈಂಧವ ಲವಣ ಹಾಕಿದರೆ ಬಾಧಕವಿಲ್ಲವೆಂದು ನಂಬಿದವರು ಬಹಳ ಮಂದಿ. ಅದೂ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡೇ. ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನಂತೂ ಮೂತ್ರಪಿಂಡದ ತೊಂದರೆಯಿರುವವರು, ಒತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸಪ್ಪೆಯ ಭಯವೂ ಅಷ್ಟಕ್ಕಷ್ಟೆ. ಬೇಸಗೆಯಲ್ಲಿ ದೆಹಲಿಯ ಸಂತೆಗಳಲ್ಲಿ ಕಾಣುವುದೆಲ್ಲ ಸೋರೆ, ಹೀರೆ, ಟಿಂಡಾ. ಎಲ್ಲವೂ ನೀರಿನ ತರಕಾರಿಗಳು. ಹೆಚ್ಚಿ ಹಾಕಿದಾಗ ಬಾಣಲೆ ತುಂಬ ಕಾಣುತ್ತವೆ, ಬೆಂದು ನೀರಿಳಿದಾಗ ಅರ್ಧವಾಗುತ್ತವೆ. ಮೊದಲೇ ಕಣ್ಣಂದಾಜಿನಲ್ಲಿ ಉಪ್ಪು ಹಾಕಿದರೆ ಹೆಚ್ಚಾಗದೆ ಇರದು. ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಉದ್ದಿನಬೇಳೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವು ಹಾಕಿ, ಎಳೆಯ ಸೋರೆಕಾಯಿಯನ್ನು ಅದರ ನೀರಿನಲ್ಲೇ ಬೇಯಿಸಿ, ಇಳಿಸುವಾಗ ಚಿಟಿಕೆ ಉಪ್ಪು, ಹಿಡಿ ತೆಂಗಿನತುರಿ, ಅರ್ಧ ಹೋಳು ನಿಂಬೆಯ ರಸ ಸೇರಿಸಿ ನೋಡಿ. ಹುಳಿಯಿದ್ದಲ್ಲಿ ನಾಲಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ಹಳೆಯ ಪ್ರಮಾಣವೇ ಅತಿಯೆನಿಸುತ್ತದೆ.

ಇಷ್ಟಾದರೂ ಬೇಕೆನ್ನುವವರಿಗೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಬಾಳೆಯೆಲೆಯ ಮೂಲೆಯಲ್ಲಿ ಉಪ್ಪು ಬಡಿಸುವುದು ಬರಿಯ ಶಾಸ್ತ್ರಕ್ಕೆಂದು ತಿಳಿಯಬೇಕಾಗಿಲ್ಲ. ಪಾತ್ರೆಯಲ್ಲಿ ಎಲ್ಲರಿಗೂ ಸಲ್ಲುವಷ್ಟು ಕಡಿಮೆ ಉಪ್ಪು. ಹೆಚ್ಚು ಬೇಕಾದವರಿಗೆ ಎಲೆಯ ಮೇಲೆ. ಕೆಲಸ ಹೆಚ್ಚಬೇಕಾದದ್ದು ಉಣ್ಣುವವರ ಬೆರಳಿಗೆ, ಅಡುಗೆಯವಳ ಕೈಗಲ್ಲ. ಕಾಯಿಲೆ ಆಕೆಯದೇ ಆಗಿದ್ದರೂ ಯಾರಿಗೂ ಹೇಳದೆಯೇ ಆಕೆಗೆ ಪಥ್ಯ ಸಿಕ್ಕಿರುತ್ತದೆ.

ಇಡ್ಲಿಯ ಹಿಟ್ಟಿಗೆ ಮಾತ್ರ ಈ ಉಪಾಯ ಹೊಂದುವುದಿಲ್ಲ. ಬೆಂದ ಇಡ್ಲಿಯ ಮೇಲೆ ಉಪ್ಪು ಉದುರಿಸಿಕೊಂಡು ತಿನ್ನುವ ಶೂರರನ್ನು ನಾನಂತೂ ಕಂಡಿಲ್ಲ. ಹಿಟ್ಟಿಗೆ ಅರ್ಧ ಪ್ರಮಾಣ ಹಾಕಿ, ಚಟ್ನಿಗೆ ಶುಂಠಿ, ಕೊತ್ತಂಬರಿಸೊಪ್ಪು, ನಿಂಬೆಹಣ್ಣು ಧಾರಾಳವಾಗಿ ಬಿದ್ದರೆ ಊರಿನಿಂದ ಬಂದ ನೆಂಟರೂ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ.