ಜೇಬಿನಲ್ಲಿದ್ದ ಬೀಗದ ಕೈ

ಮನೆ ಬಿಟ್ಟು ತಿರುಗಲು ಹೊರಟವನಿಗೆ ಮನೆಯ ವಿಷಯದಲ್ಲಿ ಔದಾರ್ಯ ಹೆಚ್ಚು. "ಮನೆಯೆಂದರೇನು, ನಾಲ್ಕು ಗೋಡೆ" ಎಂದು ಅವನು ಸುಲಭವಾಗಿ ಹೇಳಿಬಿಡುತ್ತಾನೆ. ನಾನೂ ಹಾಗೆ ಹೇಳಿದವನೇ. ಹೇಳಿದ್ದು ಸಾಲದೆಂದು ದಿನಚರಿಯಲ್ಲಿ ಬರೆದೂ ಇಟ್ಟಿದ್ದೆ. ಆ ಬರವಣಿಗೆಯನ್ನು ಈಗ ಹೊಡೆದುಹಾಕಬೇಕಾಗಿ ಬಂದಿದೆ.

ನಾವು ಮೂವರು ಗೆಳೆಯರು, ಮೂವರೂ ನೌಕರಿಯಿಂದ ನಿವೃತ್ತರಾದವರು, ಒಂದು ಹಳೆಯ ಜೀಪಿನಲ್ಲಿ ಬೆಂಗಳೂರಿನಿಂದ ಲಡಾಖಿಗೆ ಹೋಗಿ ಬಂದೆವು. ಹೋಗುವಾಗ ನಾಗಪುರದ ದಾರಿ. ಬರುವಾಗ ರಾಜಸ್ಥಾನ, ಗುಜರಾತು, ಕೊಂಕಣ, ಗೋವೆ. ಒಟ್ಟು ನಲವತ್ತು ದಿನ. ಅಷ್ಟು ದಿನ ದಾರಿಯ ಮೇಲೆಯೇ ಇದ್ದರೆ ಸಂಸಾರ ಬಹಳ ಸಣ್ಣದಾಗುತ್ತದೆ. ನೀರಿನ ಕ್ಯಾನು, ಪುಟ್ಟ ಗ್ಯಾಸ್ ಒಲೆ, ಸುತ್ತಿಟ್ಟ ಹಾಸಿಗೆ, ಎರಡು ಜೊತೆ ಬಟ್ಟೆ, ಇಷ್ಟಕ್ಕೆ ಅದು ಮುಗಿಯಿತು. ಒಗೆದ ಬನೀನು ಜೀಪಿನ ಹಿಂದೆ ಹಾರಾಡುತ್ತ ಒಣಗುತ್ತದೆ. ಯಾವ ಪೆಟ್ರೋಲ್ ಬಂಕಿನವರು ರಾತ್ರಿ ಮಲಗಲು ಬಿಟ್ಟಾರು, ಯಾವ ಢಾಬಾದಲ್ಲಿ ಸ್ನಾನಕ್ಕೆ ನೀರು ಸಿಕ್ಕೀತು, ಇವೇ ದಿನದ ದೊಡ್ಡ ಸಮಸ್ಯೆಗಳು. ಹತ್ತನೆಯ ದಿನ ಮೂವರಿಗೂ ಜಗಳವಾಯಿತು. ಹದಿನೈದನೆಯ ದಿನಕ್ಕೆ ಜಗಳವಾಡುವುದಕ್ಕೆ ವಿಷಯವೇ ಉಳಿಯಲಿಲ್ಲ. ಆಮೇಲೆ ಮನಸ್ಸಿಗೊಂದು ಹಗುರ ಬಂತು. ಆ ಹಗುರದಲ್ಲಿ ಬರೆದ ವಾಕ್ಯ ಇದು: 'ಇನ್ನು ನನಗೆ ದಾರಿಯೇ ಮನೆ.' ನಮ್ಮ ಶರಣರು ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದು ಕಂಡದ್ದು ನೆನಪಾಗಿ, ನಾನೂ ಆ ಸಾಲಿಗೆ ಸೇರಿದೆನೆಂಬ ಭ್ರಮೆಯೂ ಹುಟ್ಟಿತು.

ಮೂವತ್ತೇಳನೆಯ ದಿನ ಅನಮೋಡ ಘಟ್ಟ ಹತ್ತಿ ಕರ್ನಾಟಕಕ್ಕೆ ಬಂದು, ಜೋಯಿಡಾ ತಾಲೂಕಿನ ರಾಮನಗರದಲ್ಲಿ ಚಹಾಕ್ಕೆ ನಿಂತೆವು. ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ನನ್ನ ನಾಲಿಗೆ ಸಡಿಲವಾಯಿತು. ಬೆಂಚಿನ ಮೇಲಿದ್ದ ವೃದ್ಧರೊಬ್ಬರಿಗೆ ನಮ್ಮ ಸಾಹಸವನ್ನೆಲ್ಲ ವರ್ಣಿಸಿ, "ಮನೆ ಅನ್ನೋದೇ ಮರೆತುಹೋಗಿದೆ, ಯಜಮಾನರೇ" ಎಂದೆ.

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟು, "ಮನಿ ಕೀಲಿಕೈ ಯಾರ ಕಡೆ ಕೊಟ್ಟು ಬಂದೀರಿ, ಸಾಹೇಬರ?" ಎಂದು ಕೇಳಿದರು.

ಒಂದು ನನ್ನ ಜೇಬಿನಲ್ಲಿಯೇ ಇತ್ತು. ಇನ್ನೊಂದು ಪಕ್ಕದ ಮನೆಯವರ ಹತ್ತಿರ, ತುಳಸಿಗೆ ನೀರು ಹಾಕುವುದಕ್ಕೆ. ಹಾಗೆಂದು ಹೇಳಿದೆ.

"ಅಂದ್ರ ಮನಿ ಐತಿ" ಎಂದರು. "ನಮ್ಮದು ಸೂಪಾರಿ. ಕೀಲಿಕೈ ಇನ್ನೂ ಐತಿ. ಬಾಗಿಲಾ ಇಲ್ಲ."

ಅವರ ದನಿಯಲ್ಲಿ ಕಹಿ ಇರಲಿಲ್ಲ. ನನಗೆ ಮಾತ್ರ ಮುಂದೆ ಮಾತು ಹೊರಡಲಿಲ್ಲ. ಕಾಳಿ, ಪಾಂಢರಿ ನದಿಗಳು ಕೂಡುವಲ್ಲಿದ್ದ ಸೂಪಾ ಒಂದು ಕಾಲಕ್ಕೆ ತಾಲೂಕಿನ ಮುಖ್ಯ ಊರು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ಊರು ನೀರಿನಡಿಗೆ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಜನರಲ್ಲಿ ಅನೇಕರು ರಾಮನಗರಕ್ಕೆ ಬಂದರು. ಕಾಳಿಯ ವಿದ್ಯುತ್ತು ರಾಜ್ಯದ ತಂತಿಗಳನ್ನು ಸೇರಿತು. ನಾನು ಮರೆತೆನೆಂದು ಹೇಳಿಕೊಂಡ ಮನೆಯಲ್ಲಿ, ನಾನಿಲ್ಲದಿದ್ದರೂ, ಫ್ರಿಜ್ಜು ಓಡುತ್ತಲೇ ಇತ್ತು!

ದಾಂಡೇಲಿಯ ದಾರಿಯಲ್ಲಿ, ಗಣೇಶಗುಡಿಯ ಕೆಳಗೆ, ನಮ್ಮಂಥ ಪ್ರವಾಸಿಗಳು ರಬ್ಬರ್ ದೋಣಿಗಳಲ್ಲಿ ಕೂಗಾಡುತ್ತ ತೇಲುತ್ತಿದ್ದರು. ಅವರನ್ನು ತೇಲಿಸುತ್ತಿದ್ದುದು ಅದೇ ಅಣೆಕಟ್ಟಿನಿಂದ ಬಿಟ್ಟ ನೀರು. ಹಿಂದಿನ ದಿನವಾಗಿದ್ದರೆ ನಾನೂ ಒಂದು ದೋಣಿ ಹತ್ತುತ್ತಿದ್ದೆ.

ಹಳಿಯಾಳದಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ತೇಪೆ ಹಾಕಿಕೊಟ್ಟ ತರುಣ ಸಿದ್ದಿ ಜನಾಂಗದವನು. ಅವನ ಗುಂಗುರು ಕೂದಲು ನೋಡಿ ನಮ್ಮ ಗೆಳೆಯರೊಬ್ಬರು, "ನಿಮ್ಮದು ಯಾವ ದೇಶವಪ್ಪಾ?" ಎಂದುಬಿಟ್ಟರು. ಅವನು ನಕ್ಕು, "ಇದೇ ಹಳಿಯಾಳ ರೀ. ನಿಮ್ದು ಯಾವೂರು?" ಎಂದ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡವರು ಈ ಘಟ್ಟದ ಕಾಡುಗಳನ್ನು ಸೇರಿದರು. ಅವರ ಸಂತತಿ ಎಷ್ಟೋ ತಲೆಮಾರುಗಳಿಂದ ಇಲ್ಲಿಯೇ ಬದುಕಿದೆ. ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅರ್ಧ ಗಂಟೆ ನಿಂತು ಹೋಗುವ ನಮ್ಮನ್ನು ಯಾರೂ ಪರಕೀಯರೆನ್ನಲಿಲ್ಲ. ಅವನು ಹುಟ್ಟಿದ ಊರಿನಲ್ಲಿಯೇ ಅವನ ದೇಶವನ್ನು ನಾವು ಕೇಳಿದೆವು.

ಮರುದಿನ ಮುಂಡಗೋಡ. ಇಲ್ಲಿ ಟಿಬೇಟಿಯನ್ನರ ನೆಲೆ ಆರಂಭವಾದದ್ದು 1966ರಲ್ಲಿ. 1959ರಿಂದೀಚೆಗೆ ತಾಯ್ನಾಡು ಬಿಟ್ಟು ಹಿಮಾಲಯ ದಾಟಿ ಬಂದವರಿಗೆ ಅಂದಿನ ಮೈಸೂರು ರಾಜ್ಯ ನೆಲ ಕೊಟ್ಟಿತು. ಈಗ ಸುತ್ತ ಜೋಳದ ಹೊಲಗಳು, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳ ಹೊನ್ನಿನ ಬಣ್ಣದ ಮಾಡುಗಳು. ಲಡಾಖಿನಲ್ಲಿ ನಾವು ಜೀಪಿನೊಳಗೆ ಕುಳಿತು, ಉಸಿರು ಸಾಲದೆಂದು ದೂರಿದ್ದೆವು. ಅಂಥ ಎತ್ತರಗಳನ್ನು ಇವರ ಹಿರಿಯರು ಕಾಲ್ನಡಿಗೆಯಲ್ಲಿ ದಾಟಿದ್ದರು. ಅಂಗಡಿಯ ಹುಡುಗ ಸ್ವಚ್ಛವಾದ ಕನ್ನಡದಲ್ಲಿ, "ಎಲ್ಲಿಗೆ ಹೊರಟ್ರಿ?" ಎಂದು ಕೇಳಿದ. ಹಿಂದೆ ಅವನ ಅಜ್ಜಿ ಜಪಮಣಿ ಎಣಿಸುತ್ತ ಕುಳಿತಿದ್ದರು. "ಬೆಂಗಳೂರಿಗಪ್ಪ, ಮನೆಗೆ" ಎಂದೆ. ನಲವತ್ತು ದಿನಗಳಲ್ಲಿ ಆ ಮಾತು ಆಡುವುದಕ್ಕೆ ಸಂಕೋಚವಾದದ್ದು ಅದೇ ಮೊದಲು.

ರಾತ್ರಿ ಇದನ್ನೆಲ್ಲ ಹೇಳಿದಾಗ ಗೆಳೆಯರು ರೇಗಿದರು. "ಹಾಗಾದರೆ ನಾವು ಮನೆಯಲ್ಲಿಯೇ ಕೂತಿರಬೇಕಿತ್ತೇನಯ್ಯ? ನಾವು ಹೊರಟದ್ದರಿಂದ ಯಾರ ಊರು ಮುಳುಗಿತು?"

ನ್ಯಾಯವಾದ ಪ್ರಶ್ನೆಯೇ. ತಿರುಗಾಟ ತಪ್ಪಲ್ಲ. ಹೊರಡದೆ ಇದ್ದಿದ್ದರೆ ಆ ವೃದ್ಧರ ಮಾತನ್ನು ನಾನು ಕೇಳುತ್ತಲೇ ಇರಲಿಲ್ಲ. ತಪ್ಪಾದದ್ದು, ನನ್ನದಲ್ಲದ ಒಂದು ಮಾತನ್ನು ನಾನು ಎತ್ತಿಕೊಂಡದ್ದು. ಏಕಾದಶಿಯ ದಿನ ಉಪವಾಸವಿರುವವನು ಹಸಿವನ್ನು ಬಲ್ಲೆನೆಂದರೆ ನಾವು ನಗುತ್ತೇವೆ. ದ್ವಾದಶಿಯ ಬೆಳಗಿನ ಅಡಿಗೆಗೆ ಅಕ್ಕಿ ಮನೆಯಲ್ಲಿದೆಯೆಂದು ಅವನಿಗೆ ಗೊತ್ತು. ಉಪವಾಸಕ್ಕೆ ಅದರದೇ ಬೆಲೆಯಿದೆ, ಆದರೆ ಅದು ಹಸಿವಲ್ಲ. ನಾನು ದಾರಿಯಲ್ಲಿ ಅನುಭವಿಸಿದ ಹಗುರವೂ ಸುಳ್ಳಲ್ಲ. ಆದರೆ ಅದನ್ನು ನನಗೆ ಕೊಟ್ಟದ್ದು ದಾರಿಯಲ್ಲ. ಹಿಂದೆ ಭದ್ರವಾಗಿ ನಿಂತಿದ್ದ ಮನೆ. ಜಂಗಮನು ಬೀಗದ ಕೈಯನ್ನು ಎಸೆದು ಹೊರಟವನು. ಸೂಪಾದ ಹಿರಿಯರಿಗೆ ಬೀಗದ ಕೈ ಉಳಿದು ಬಾಗಿಲು ಹೋಯಿತು. ನನಗೆ ಎರಡೂ ಇದ್ದವು. ಎರಡೂ ಇರುವವನು ಇಲ್ಲದವನ ಭಾಷೆಯಲ್ಲಿ ಮಾತನಾಡಿದರೆ, ಅವನಲ್ಲಿ ಉಳಿದಿರುವ ಒಂದೇ ಆಸ್ತಿಯನ್ನೂ, ಅಂದರೆ ಅವನ ದುಃಖದ ಹೆಸರನ್ನೂ, ಕಸಿದುಕೊಂಡಂತೆ.

ಬರುವ ಭಾನುವಾರ ನಮ್ಮ ಬಡಾವಣೆಯ ಗೆಳೆಯರ ಬಳಗದಲ್ಲಿ ನಾನು ಈ ಪ್ರಯಾಣದ ವಿಷಯ ಮಾತನಾಡಬೇಕು. ಹೊರಡುವ ಮೊದಲೇ ನಾನೇ ಕೊಟ್ಟಿದ್ದ ಶೀರ್ಷಿಕೆ, 'ಮನೆಯಿಲ್ಲದ ನಲವತ್ತು ದಿನ.' ಅದನ್ನು ಬದಲಾಯಿಸಿರೆಂದು ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಆಮಂತ್ರಣ ಅಚ್ಚಾಗಿ ಹೋಯಿತೆಂದರು. ಸರಿ, ಆ ಶೀರ್ಷಿಕೆಯ ಕೆಳಗೇ ನಿಲ್ಲುತ್ತೇನೆ. ರಾಮನಗರದ ಆ ವೃದ್ಧರು ಕೇಳಿದ ಪ್ರಶ್ನೆಯಿಂದಲೇ ಮಾತು ಆರಂಭಿಸುತ್ತೇನೆ. ಸಾಹಸದ ಕಥೆ ಕೇಳಲು ಬಂದವರಿಗೆ ನಿರಾಶೆಯಾದರೆ ಅವರು ನನ್ನನ್ನು ಮನ್ನಿಸಬೇಕು.